ಕ್ಯಾಪ್ರಿಕಾ ಗ್ರಹದ ಮೂಲಪತ್ರ ಎಲ್ಲಿದೆ?

ಹಳೆಯ ಕಥೆಯೊಂದಕ್ಕಿಂತ ಹಿಂದೆ ಏನಾಗಿತ್ತು ಎಂದು ಟಿ.ವಿ.ಯವರು ಹೇಳಲು ಹೊರಟರೆ ಸಾಕು, ಬೆಂಗಳೂರಿನ ವೈಜ್ಞಾನಿಕ ಕಥಾಪ್ರಿಯ ಮೊದಲು ದಾಖಲೆ ಕೇಳುತ್ತಾನೆ. ನಿವೇಶನ ಕೊಳ್ಳುವವನು ಮೂಲಪತ್ರ, ಮೂವತ್ತು ವರ್ಷದ ಋಣಭಾರ ಪತ್ರ, ಖಾತೆ ನಕಲು, ಕಂದಾಯದ ರಸೀದಿಗಳನ್ನು ಹರವಿಕೊಂಡು ವಕೀಲರೆದುರು ಕೂರುವ ಗತ್ತಿನಲ್ಲೇ ಅವನು ಸೋಫಾದ ಮೇಲೆ ಕೂರುತ್ತಾನೆ. ಪರದೆಯ ಮೇಲೆ ನೌಕೆ ಹಾರಲಿ, ಯಂತ್ರಮಾನವ ಅಳಲಿ, ಅವನು ಕೇಳುವುದು ಒಂದನ್ನೇ: ಇದಕ್ಕೆ ಹಿಂದಿನ ಸರಣಿಯಲ್ಲಿ ಆಧಾರ ಇದೆಯೇ?

ಈ ಇಲಾಖೆಯ ಅತಿ ಹಳೆಯ ವ್ಯಾಜ್ಯ ಒಂದು ಹಣೆಯದು. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಸರಣಿಯಲ್ಲಿ ಕ್ಲಿಂಗನ್ ಎಂಬ ಅನ್ಯಗ್ರಹದ ಯೋಧರ ಹಣೆ ನಮ್ಮ ನಿಮ್ಮ ಹಣೆಯಂತೆಯೇ ನುಣುಪಾಗಿತ್ತು. 1979ರ ಚಲನಚಿತ್ರಕ್ಕೆ ಕೈತುಂಬ ಹಣ ಸಿಕ್ಕಿತು, ಹಣೆಯ ಮೇಲೆ ಮೂಳೆಯ ಏಣು ಎದ್ದಿತು. ಅಭಿಮಾನಿಗಳು ಬಿಟ್ಟಾರೆಯೇ? 1996ರ ಒಂದು ಕಂತಿನಲ್ಲಿ ಈ ಪ್ರಶ್ನೆ ಎದ್ದಾಗ ಕ್ಲಿಂಗನ್ ಪಾತ್ರವೇ ಹೊರಗಿನವರ ಜೊತೆ ಆ ವಿಷಯ ಮಾತನಾಡುವುದಿಲ್ಲ ಎಂದು ಮುಖ ತಿರುಗಿಸಿತು. ಯಾವ ಕಚೇರಿಯ ಗುಮಾಸ್ತನೂ ಮೆಚ್ಚುವಂಥ ಉತ್ತರ. ಕೊನೆಗೆ 2001ರಲ್ಲಿ ಬಂದ ಪೂರ್ವಕಥೆ ‘ಎಂಟರ್‌ಪ್ರೈಸ್’ (ಅದರ ಶೀರ್ಷಿಕೆ ಗೀತೆ ಕೇಳಿಯೇ ಅಮೆರಿಕದ ಅಭಿಮಾನಿಗಳು ಸಹಿ ಸಂಗ್ರಹಕ್ಕೆ ಇಳಿದಿದ್ದರು) 2005ರಲ್ಲಿ ಎರಡು ಕಂತುಗಳನ್ನು ವ್ಯಯಿಸಿ, ವೈರಸ್ ಒಂದರಿಂದಾಗಿ ಕೆಲವು ಕ್ಲಿಂಗನ್ನರ ಹಣೆ ನುಣುಪಾಯಿತು ಎಂದು ವಿವರಿಸಿತು. ಅಂದರೆ ಹಣೆಗೆ ಅಕ್ರಮ-ಸಕ್ರಮ ಆಯಿತು. ಜನ ನಿಟ್ಟುಸಿರು ಬಿಡುವಷ್ಟರಲ್ಲಿ 2017ರ ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಸರಣಿ ಇನ್ನೊಂದು ಬಗೆಯ ಹಣೆ ತೋರಿಸಿ, ತಲೆಗೂದಲನ್ನೂ ಬೋಳಿಸಿತು. ಕಡತ ಮತ್ತೆ ಮೇಜಿಗೆ ಬಂತು.

ಇಂಥ ಪರಂಪರೆಯ ವಾರಸುದಾರರು ಹೊರವರ್ತುಲ ರಸ್ತೆಯ ಬದಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೇರಿ ‘ಕ್ಯಾಪ್ರಿಕಾ’ದ ಮೊದಲ ಕಂತು ನೋಡುತ್ತಾರೆಂದು ಗೆಳೆಯನೊಬ್ಬ ನನ್ನನ್ನು ಕರೆದ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಸರಣಿಯನ್ನು ತಿಂಗಳುಗಟ್ಟಲೆ ಕೂತು ಮುಗಿಸಿದ್ದ ಆ ಗುಂಪಿಗೆ ಈಗ ಅದರ ಪೂರ್ವಕಥೆಯ ತನಿಖೆ ಬಾಕಿ ಇತ್ತು. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಮನುಷ್ಯರು ತಾವೇ ಮಾಡಿದ ಸೈಲಾನ್ ಎಂಬ ಯಂತ್ರಗಳ ಕೈಯಲ್ಲಿ ಹನ್ನೆರಡು ಗ್ರಹಗಳನ್ನು ಕಳೆದುಕೊಂಡು ನೌಕೆಗಳಲ್ಲಿ ಅಲೆಯುವುದು ಮೂಲ ಕಥೆ. ಆ ನಾಶಕ್ಕಿಂತ 58 ವರ್ಷ ಮೊದಲು, ಮೊದಲ ಸೈಲಾನ್ ಹೇಗೆ ಹುಟ್ಟಿತು ಎಂದು ಹೇಳುವುದು ‘ಕ್ಯಾಪ್ರಿಕಾ’. ಇದರ ಮೊದಲ ಕಂತು ಏಪ್ರಿಲ್ 2009ರಲ್ಲೇ ಡಿವಿಡಿಯಾಗಿ ಅಂಗಡಿಗೆ ಬಂದು, ಟಿ.ವಿ.ಯಲ್ಲಿ ಪ್ರಸಾರವಾದದ್ದು ಜನವರಿ 2010ರಲ್ಲಿ. ನೋಂದಣಿಗೆ ಮೊದಲೇ ಗೃಹಪ್ರವೇಶ.

ಕ್ಲಬ್‌ಹೌಸಿನ ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಉಪನೋಂದಣಾಧಿಕಾರಿಗಳು ಕೂತಿದ್ದರು. ಮಗ ಕರೆತಂದಿದ್ದ. ಪಕ್ಕದಲ್ಲಿ ಯಾರದೋ ಮನೆಯ ಅಜ್ಜಿ ಹತ್ತಿ ಹಿಡಿದು ಬತ್ತಿ ಹೊಸೆಯುತ್ತಿದ್ದರು. ಮಿಕ್ಕವರೆಲ್ಲ ಸಾಫ್ಟ್‌ವೇರಿನವರು, ಮಡಿಲಲ್ಲಿ ಪಾಪ್‌ಕಾರ್ನ್, ಮುಖದಲ್ಲಿ ವಿಚಾರಣಾ ಆಯೋಗ.

ಹತ್ತನೆಯ ನಿಮಿಷಕ್ಕೆ ಮೊದಲ ಆಕ್ಷೇಪಣೆ ಸಲ್ಲಿಕೆಯಾಯಿತು. ಬಾಹ್ಯಾಕಾಶ ಯುದ್ಧ ಎಲ್ಲಿ? ಇವರು ಮನೆಯಲ್ಲಿ ಕೂತು ಮಾತನಾಡುತ್ತಿದ್ದಾರಲ್ಲ? ಎರಡನೆಯದು ಟೋಪಿಗಳ ಬಗ್ಗೆ. ನಮ್ಮ ತಾತನ ಕಾಲದ ಸಾಹೇಬರಂತೆ ಈ ಗಂಡಸರೇಕೆ ಹ್ಯಾಟು ಹಾಕಿಕೊಂಡು ತಿರುಗುತ್ತಾರೆ? ಮೂರನೆಯದು ನಿಜಕ್ಕೂ ಗಂಭೀರವಾಗಿತ್ತು. ಕ್ಯಾಪ್ರಿಕಾದ ಹುಡುಗರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಾಯಾಲೋಕದ ಕ್ಲಬ್ಬುಗಳಿಗೆ ಹೋಗುತ್ತಾರೆ. ಆದರೆ 58 ವರ್ಷಗಳ ನಂತರದ ಯುದ್ಧನೌಕೆಯಲ್ಲಿ ಸುರುಳಿ ತಂತಿಯ ಫೋನು ಇರುತ್ತದೆ. “ತಂತ್ರಜ್ಞಾನ ಹಿಂದಕ್ಕೆ ಹೋಗುವುದುಂಟೇ?” ಎಂದು ಒಬ್ಬರು ಎದ್ದೇ ನಿಂತರು. ಯಂತ್ರಗಳು ಜಾಲದೊಳಗೆ ನುಗ್ಗುತ್ತವೆಂಬ ಭಯಕ್ಕೆ ಆ ನೌಕೆಯ ನಾಯಕ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಬಿಡುವುದಿಲ್ಲ, ಆ ಹಟದಿಂದಲೇ ನೌಕೆ ಉಳಿಯುತ್ತದೆ ಎಂಬುದು ಮೂಲ ಸರಣಿಯಲ್ಲೇ ಇದೆ. ಯಾರೋ ಹಾಗೆಂದು ನೆನಪಿಸಿದರು. ಎದ್ದು ನಿಂತವರು, ಇಷ್ಟು ಚೆನ್ನಾಗಿ ಜಾಲ ಕಟ್ಟಿದ ಮೇಲೆ ಯಾವ ಮ್ಯಾನೇಜರ್ ಅದನ್ನು ಕಿತ್ತುಹಾಕಲು ಒಪ್ಪುತ್ತಾನೆ ಎಂದು ಕೇಳಿ ಕೂತರು.

ಧರ್ಮಾಂಬುಧಿ ಕೆರೆಯಲ್ಲಿ ನಿಂತು ಬಸ್ಸು ಹತ್ತುವ, ಸಂಪಂಗಿ ಕೆರೆಯಲ್ಲಿ ಕೂತು ಓಟದ ಸ್ಪರ್ಧೆ ನೋಡುವ ಊರು ನಮ್ಮದು. ಮೆಜೆಸ್ಟಿಕ್ಕಿನ ನಿಲ್ದಾಣಕ್ಕೂ ಕಂಠೀರವ ಕ್ರೀಡಾಂಗಣಕ್ಕೂ ಹಿಂದಿನ ಕಂತು ನೀರಿನಲ್ಲಿ ನಡೆದಿತ್ತು. ಅಲ್ಲಿ ಯಾರೂ ಎದ್ದು ನಿಂತು ಕಥೆ ಹೊಂದುತ್ತಿಲ್ಲ ಎಂದು ಕೂಗಿದ್ದನ್ನು ನಾನು ಕೇಳಿಲ್ಲ.

ತಾಸು ಕಳೆಯುವ ಹೊತ್ತಿಗೆ ಚರ್ಚೆ ಆಡಾಮಾ ಕುಟುಂಬಕ್ಕೆ ಬಂತು, ಉಪನೋಂದಣಾಧಿಕಾರಿಗಳಿಗೆ ಜೀವ ಬಂತು. ಕಥೆಯ ವಕೀಲ ಜೋಸೆಫ್, ತಾನು ಬೇರೆ ಗ್ರಹದಿಂದ ಬಂದವನೆಂಬುದನ್ನು ಮರೆಮಾಚಲು ಆಡಮ್ಸ್ ಎಂದು ಹೆಸರು ಹೇಳಿಕೊಂಡಿರುತ್ತಾನೆ. ಕೊನೆಗೆ ಮಗನನ್ನು ಕೂರಿಸಿಕೊಂಡು, ನಮ್ಮ ನಿಜವಾದ ಹೆಸರು ಆಡಾಮಾ ಎನ್ನುತ್ತಾನೆ.

“ಪ್ರಮಾಣಪತ್ರ ಮಾಡಿಸಿದ್ದಾನೋ?” ಎಂದರು ಉಪನೋಂದಣಾಧಿಕಾರಿಗಳು.

“ಸಾರ್, ಇದು ಬಾಹ್ಯಾಕಾಶ.”

“ಎಲ್ಲಾದರೂ ಆಗಲಿ. ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಡದೆ ಹೆಸರು ಬದಲಾಗುವುದು ಹೇಗೆ?”

ಯುವಕನೊಬ್ಬ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದ. ಆ ಮಗ ವಿಲಿಯಂ ಆಡಾಮಾ ತಾನೇ ಮುಂದೆ ಯುದ್ಧನೌಕೆಯ ನಾಯಕನಾಗುವವನು? ಹುಡುಗನಿಗೀಗ ಹನ್ನೊಂದು ಎಂದಿಟ್ಟುಕೊಂಡರೂ ಆಗ ಅರವತ್ತೊಂಬತ್ತು. ಯಾವ ಸೇನೆ ಆ ವಯಸ್ಸಿನವರನ್ನು ಇಟ್ಟುಕೊಳ್ಳುತ್ತದೆ? ಸಭೆ ಮೂಕವಾಯಿತು. ‘ಕ್ಯಾಪ್ರಿಕಾ’ವನ್ನು ಮೊದಲೇ ಕೊನೆಯವರೆಗೆ ನೋಡಿದ್ದ ಒಬ್ಬಾಕೆ ಗುಟ್ಟು ಬಿಟ್ಟುಕೊಟ್ಟರು. ಈ ಹುಡುಗ ಮುಂದೆ ಸಾಯುತ್ತಾನಂತೆ, ಆಮೇಲೆ ಹುಟ್ಟುವ ತಮ್ಮನಿಗೆ ಅದೇ ಹೆಸರು ಇಡುತ್ತಾರಂತೆ, ನಾಯಕನಾಗುವವನು ಆ ತಮ್ಮನಂತೆ. ಯುವಕ ಮೋಸ, ಮೋಸ ಎಂದ. ಉಪನೋಂದಣಾಧಿಕಾರಿಗಳು ಮಾತ್ರ ತೊಡೆ ತಟ್ಟಿ ನಕ್ಕರು. “ಪೌತಿ ಖಾತೆ! ಹೆಸರು ಅದೇ, ಆಸಾಮಿ ಬೇರೆ. ನನ್ನ ಸೇವಾವಧಿಯಲ್ಲಿ ಇಂಥವು ಎಷ್ಟು ಬಂದವೋ. ವಂಶವೃಕ್ಷ ತರಲು ಹೇಳಿ, ಸರಿಹೋಗುತ್ತದೆ.” ಆ ಸಭಾಂಗಣದಲ್ಲಿ ಕಂತನ್ನು ಮನಸಾರೆ ಸವಿದವರು ಅವರೊಬ್ಬರೇ ಇರಬೇಕು.

ಇಷ್ಟರ ನಡುವೆ ಪರದೆಯ ಮೇಲೆ ಏನು ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕಲ್ಲ. ರೈಲಿನಲ್ಲಿ ಬಾಂಬ್ ಸಿಡಿದು ಇಬ್ಬರು ತಂದೆಯರು ತಮ್ಮ ಹೆಣ್ಣುಮಕ್ಕಳನ್ನು ಕಳೆದುಕೊಳ್ಳುತ್ತಾರೆ. ಒಬ್ಬ ಆ ವಕೀಲ, ಇನ್ನೊಬ್ಬ ಡೇನಿಯಲ್ ಗ್ರೇಸ್ಟೋನ್ ಎಂಬ ಕಂಪ್ಯೂಟರ್ ಉದ್ಯಮಿ. ಉದ್ಯಮಿಯ ಮಗಳು ಜೋಯಿ ಸಾಯುವ ಮೊದಲೇ ಮಾಯಾಲೋಕದಲ್ಲಿ ತನ್ನದೊಂದು ಪ್ರತಿರೂಪ ಕಟ್ಟಿರುತ್ತಾಳೆ. ಆಸ್ಪತ್ರೆಯ ವರದಿ, ಶಾಲೆಯ ಅಂಕಪಟ್ಟಿ, ಹೋಟೆಲ್ ಬಿಲ್ಲು, ಟ್ರಾಫಿಕ್ ದಂಡದ ಚೀಟಿ ಹೀಗೆ ಮನುಷ್ಯ ಬದುಕಿನುದ್ದಕ್ಕೂ ಬಿಟ್ಟುಹೋಗುವ ಕಾಗದಪತ್ರಗಳಿಂದಲೇ ಅವನನ್ನು ಮರುಕಟ್ಟಬಹುದು ಎಂಬುದು ಅಲ್ಲಿಯ ತರ್ಕ. ಟ್ರಾಫಿಕ್ ದಂಡ ಲೆಕ್ಕಕ್ಕೆ ಬರುವುದಾದರೆ ಬೆಂಗಳೂರಿನವರಷ್ಟು ಸಮಗ್ರವಾಗಿ ಪುನರ್ಜನ್ಮ ಪಡೆಯುವವರು ಬೇರೆಲ್ಲೂ ಸಿಗಲಾರರು. ಫೆಬ್ರುವರಿ 2023ರಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಕಟ್ಟಲು ಮುಗಿಬಿದ್ದದ್ದನ್ನು ನೆನೆದರೆ, ಅರ್ಧ ಬೆಲೆಗೆ ಸಿಗುವ ಅಮರತ್ವಕ್ಕೂ ಇಲ್ಲಿ ಗಿರಾಕಿಗಳು ಕಡಿಮೆಯಾಗುವುದಿಲ್ಲ.

ಡೇನಿಯಲ್ ಆ ಪ್ರತಿರೂಪವನ್ನು ಒಂದು ಲೋಹದ ದೇಹಕ್ಕೆ ತುಂಬಲು ಹೊರಡುತ್ತಾನೆ. ಮಗಳನ್ನು ಬಿಡಲಾರದ ತಂದೆಯ ಆ ಹಟದಿಂದ ಸೈಲಾನ್ ಹುಟ್ಟುತ್ತದೆ, ಹನ್ನೆರಡು ಗ್ರಹಗಳು ಮುಂದೊಂದು ದಿನ ಬೂದಿಯಾಗುತ್ತವೆ. ನನಗೆ ಇದು ಒಳ್ಳೆಯ ಆರಂಭವೆಂದೇ ಅನ್ನಿಸಿತು. ಮಗಳ ರೂಪ ಇನ್ನೂ ಉಳಿದಿದೆ ಎಂಬುದನ್ನು ಆತ ಹೆಂಡತಿಯಿಂದ ಮುಚ್ಚಿಡುತ್ತಾನೆ. ಬತ್ತಿ ಹೊಸೆಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಕೇಳಿದರು:

“ಹೆತ್ತವಳಿಗೆ ಹೇಳುವುದಿಲ್ಲವೇ ಇವನು?”

“ಅಜ್ಜಿ, ಸುಮ್ಮನಿರಿ. ಇದು ನಿಮ್ಮ ಧಾರಾವಾಹಿ ಅಲ್ಲ,” ಎಂದ ಕ್ಯಾಲ್ಕುಲೇಟರಿನವನು.

ಒಂದೂವರೆ ಗಂಟೆ ಮುಗಿದು ದೀಪ ಹತ್ತಿತು. ತೀರ್ಪಿಗೆ ತಡವಾಗಲಿಲ್ಲ. ಮೂಲಕ್ಕೆ ದ್ರೋಹ, ದಾಖಲೆಗಳಲ್ಲಿ ಹೊಂದಾಣಿಕೆ ಇಲ್ಲ, ಎರಡನೆಯ ಕಂತು ನೋಡುವ ಅಗತ್ಯವಿಲ್ಲ. ವಾಹಿನಿಯವರು ಅಕ್ಟೋಬರ್ 2010ರಲ್ಲೇ ಸರಣಿಯನ್ನು ರದ್ದುಮಾಡಿ, ಉಳಿದ ಕಂತುಗಳನ್ನು ಮುಂದಿನ ಜನವರಿಗೆ ತಳ್ಳಿದ್ದರು ಎಂದು ನಾನು ಹೇಳಿದಾಗ, ತಮ್ಮ ಮೇಲ್ಮನವಿಗೆ ಹಿಂದಿನ ದಿನಾಂಕದಿಂದಲೇ ಜಯ ಸಿಕ್ಕಂತೆ ಎಲ್ಲರೂ ತಲೆದೂಗಿದರು.

ಜನ ಸೇರಿರುವುದನ್ನು ಕಂಡು ಸಂಘದ ಕಾರ್ಯದರ್ಶಿಗಳು ಹಾಗೇ ಇನ್ನೊಂದು ವಿಷಯ ಮುಗಿಸಿಬಿಡೋಣ ಎಂದರು. ಹಿಂಬದಿಯಲ್ಲಿ, ರಾಜಕಾಲುವೆಗೆ ಅಂಟಿಕೊಂಡ ಖಾಲಿ ಜಾಗ ಕರಪತ್ರದಲ್ಲಿ ಉದ್ಯಾನವಾಗಿತ್ತು. ಈಗ ಬಿಲ್ಡರ್ ಅಲ್ಲಿ ಇನ್ನೊಂದು ಗೋಪುರ ಎಬ್ಬಿಸಬೇಕೆಂದಿದ್ದಾನೆ. ಮಂಜೂರಾದ ನಕ್ಷೆ ಬದಲಿಸಲು ರೇರಾ ಕಾಯಿದೆಯ ಪ್ರಕಾರ ಮನೆ ಕೊಂಡವರಲ್ಲಿ ಮೂರನೆಯ ಎರಡರಷ್ಟು ಮಂದಿಯ ಲಿಖಿತ ಒಪ್ಪಿಗೆ ಬೇಕು. ಸೆಪ್ಟೆಂಬರ್ 2022ರ ಮಳೆಯಲ್ಲಿ ಇದೇ ಹೊರವರ್ತುಲ ರಸ್ತೆಯ ಆಸುಪಾಸಿನ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗಿದ್ದರು. ಈ ಕಟ್ಟಡದ ನೆಲಮಾಳಿಗೆಯ ಗೋಡೆಯ ಮೇಲೆ ನೀರು ನಿಂತ ಗೆರೆಗೆ ಇನ್ನೂ ಬಣ್ಣ ಬಳಿದಿಲ್ಲ.

“ಗ್ರಾಮನಕ್ಷೆ ಇದೆಯೇ? ಕಾಲುವೆಯ ಅಗಲ ಎಷ್ಟೆಂದು ನೋಡಬೇಕು,” ಎಂದು ಉಪನೋಂದಣಾಧಿಕಾರಿಗಳು ಕನ್ನಡಕ ಏರಿಸಿದರು.

“ಅಂಕಲ್, ನಿಮ್ಮ ಹೆಸರಿನಲ್ಲಿ ಮನೆ ಇಲ್ಲವಲ್ಲ,” ಎಂದು ಕಾರ್ಯದರ್ಶಿಗಳು ವಿನಯದಿಂದಲೇ ಹೇಳಿ ಕಾಗದವನ್ನು ಅವರ ಮಗನಿಗೆ ದಾಟಿಸಿದರು. ಮಗ ಸಹಿ ಮಾಡಿದ. ಟೋಪಿಯವರು ಮಾಡಿದರು, ಸುರುಳಿ ತಂತಿಯವರು ಮಾಡಿದರು. ಕ್ಯಾಲ್ಕುಲೇಟರಿನ ಯುವಕ ಮೊದಲ ಪುಟವನ್ನು ತಿರುವದೆ ಕೊನೆಯ ಪುಟದಲ್ಲಿ ಸಹಿ ಹಾಕಿ, ಬಿಲ್ಡರ್ ಕಡೆಯವರನ್ನು ಒಂದೇ ಒಂದು ಪ್ರಶ್ನೆ ಕೇಳಿದ: ಹೊಸ ಗೋಪುರದಲ್ಲಿ ಇದಕ್ಕಿಂತ ದೊಡ್ಡ ಪರದೆ ಹಾಕುತ್ತೀರಿ ತಾನೇ?