ಬಗರ್ ಹುಕುಂ ವಿಂಡೋಸ್

22 ವರ್ಷದ ನೌಕರಿಯಲ್ಲಿ ನಾನು ಎಷ್ಟು ಜನರಿಗೆ ‘ದಾಖಲೆ ಸಾಲದು’ ಅಂದಿದ್ದೇನೋ ಲೆಕ್ಕ ಇಟ್ಟಿಲ್ಲ. ಆಧಾರ್ ಇದ್ದರೆ ಪಹಣಿ ಇರುವುದಿಲ್ಲ. ಪಹಣಿ ಇದ್ದರೆ ವಂಶವೃಕ್ಷ ಇರುವುದಿಲ್ಲ. ಎಲ್ಲ ಇದ್ದರೆ ಜೆರಾಕ್ಸ್ ಮಸುಕು. ತಾಲ್ಲೂಕು ಮಟ್ಟದ ಕಚೇರಿಯಲ್ಲಿ ಕೂತವನಿಗೆ ಈ ಮಾತು ಆಕಳಿಕೆಯಷ್ಟೇ ಸಲೀಸಾಗಿ ಬರುತ್ತದೆ. ನನಗೇ ಯಾರಾದರೂ ಹಾಗೆ ಹೇಳಬಹುದು ಅಂತ ಮಾತ್ರ ಅಂದುಕೊಂಡಿರಲಿಲ್ಲ. ಮೊನ್ನೆ ಹೇಳಿಸಿಕೊಂಡೆ. ಹೇಳಿದ್ದು ನನ್ನದೇ ಟೇಬಲ್ ಮೇಲಿನ ಕಂಪ್ಯೂಟರ್.

ನನ್ನ ಟೇಬಲ್ಲಿಗೆ ಬರುವುದು ಬಗರ್ ಹುಕುಂ ಅರ್ಜಿಗಳು. ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳುಮೆ ಮಾಡುತ್ತಿರುವವರು ಸಕ್ರಮ ಮಾಡಿಕೊಡಿ ಅಂತ ಹಾಕುವ ಅರ್ಜಿ. ಮೊದಲು ನಮೂನೆ 50 ಇತ್ತು, ಆಮೇಲೆ 53 ಬಂತು, 2018ರಲ್ಲಿ 57. ವಿಂಡೋಸ್ 8 ಆದಮೇಲೆ ನೇರ 10 ಬಂತಲ್ಲ, ಹಾಗೆ. ನಡುವಿನ ಸಂಖ್ಯೆ ಎಲ್ಲಿ ಹೋಯಿತು ಅಂತ ಅಲ್ಲೂ ಯಾರೂ ಕೇಳಲಿಲ್ಲ, ಇಲ್ಲೂ ಕೇಳಲಿಲ್ಲ.

ಎಲ್ಲ ಶುರುವಾದದ್ದು ಒಂದು ಸುತ್ತೋಲೆಯಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಇನ್ನು ಅದಕ್ಕೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ, ಆದ್ದರಿಂದ ಎಲ್ಲ ಗಣಕಯಂತ್ರಗಳಿಗೂ 7 ದಿನದೊಳಗೆ ವಿಂಡೋಸ್ 11 ಅಳವಡಿಸಿ ಅನುಪಾಲನಾ ವರದಿ ಸಲ್ಲಿಸತಕ್ಕದ್ದು. ಕೊನೆಯ ಸಾಲು ಮಾತ್ರ ದಪ್ಪಕ್ಷರದಲ್ಲಿ: ಇದಕ್ಕಾಗಿ ಪ್ರತ್ಯೇಕ ಅನುದಾನ ಇರುವುದಿಲ್ಲ. ಆ 7 ದಿನದಲ್ಲಿ 5 ದಿನ ಟಪಾಲಿನಲ್ಲೇ ಕಳೆದಿತ್ತು.

ಶಿರಸ್ತೇದಾರರು ಅದನ್ನು ನನ್ನ ಟೇಬಲ್ ಮೇಲೆ ಹಾಕಿ, “ನೀವೇ ನೋಡ್ರಿ, ನಿಮಗೆ ಕಂಪ್ಯೂಟರ್ ಗೊತ್ತಲ್ಲ” ಅಂದರು. ನನಗೆ ಕಂಪ್ಯೂಟರ್ ಗೊತ್ತು ಅನ್ನುವ ಖ್ಯಾತಿ ಬಂದದ್ದು, ಕೆಟ್ಟುಹೋಗಿದೆ ಅಂತ ಎಲ್ಲರೂ ಕೈಬಿಟ್ಟಿದ್ದ ಪ್ರಿಂಟರಿನ ಸ್ವಿಚ್ಚನ್ನು ನಾನು ಒಂದು ದಿನ ಹಾಕಿದ್ದರಿಂದ.

ನನ್ನ ಕಂಪ್ಯೂಟರಿನ ಬಗ್ಗೆ ಎರಡು ಮಾತು. 2015ರ ಖರೀದಿ. ಪಕ್ಕದಲ್ಲಿ ಬಿಳಿ ಪೇಂಟಿನ ದಾಸ್ತಾನು ಸಂಖ್ಯೆ. ಮುಂದುಗಡೆ ಆಯುಧಪೂಜೆಯ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಒರೆಸಿದವರಿಲ್ಲ, ಹಾಗಾಗಿ ವರ್ಷಕ್ಕೊಂದು ಪದರ ಕೂತು ಪವರ್ ಬಟನ್ ಅರ್ಧ ಮುಚ್ಚಿಹೋಗಿದೆ. ಆನ್ ಮಾಡಿದರೆ ಫ್ಯಾನು ಮಿಕ್ಸಿಯ ಹಾಗೆ ಒಂದು ನಿಮಿಷ ಕೂಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಪತ್ರ ಟೈಪ್ ಮಾಡುತ್ತದೆ, ಪೋರ್ಟಲ್ ತೆರೆಯುತ್ತದೆ, ಪ್ರಿಂಟ್ ಕೊಡುತ್ತದೆ. ಹತ್ತು ವರ್ಷದಲ್ಲಿ ಒಂದು ದಿನವೂ ರಜೆ ಹಾಕದ ಸಿಬ್ಬಂದಿ ಅಂತ ನಮ್ಮಲ್ಲಿ ಇರುವುದು ಇದೊಂದೇ.

ಅದರೊಳಗಿನ ವಿಂಡೋಸ್ 10 ಕೂಡ 2015ರದ್ದೇ. ಅದು ಬಂದ ವರ್ಷ ಅದನ್ನು ತಯಾರಿಸುವ ಮೈಕ್ರೋಸಾಫ್ಟ್ ಕಂಪನಿಯವರೊಬ್ಬರು ವೇದಿಕೆ ಮೇಲೆ ನಿಂತು ಇದೇ ಕೊನೆಯ ವಿಂಡೋಸ್ ಅಂದಿದ್ದರು. ನಾವಾದರೂ ನಂಬಬಾರದಿತ್ತು. ‘ಇದೇ ನನ್ನ ಕೊನೆಯ ಚುನಾವಣೆ’ ಅನ್ನುವುದನ್ನು ಒಬ್ಬರ ಬಾಯಲ್ಲೇ ಐದೈದು ವರ್ಷಕ್ಕೊಮ್ಮೆ ಕೇಳಿದ ಜನ ನಾವು. 2021ರ ಅಕ್ಟೋಬರಿನಲ್ಲಿ 11 ಬಂತು.

ಸರಿ, ‘ಪಿಸಿ ಹೆಲ್ತ್ ಚೆಕ್’ ಅನ್ನುವ ತಪಾಸಣೆ ನಡೆಸಿದೆ. ಅರ್ಧ ನಿಮಿಷದಲ್ಲಿ ಹಿಂಬರಹ ಬಂತು. ಈ ಯಂತ್ರ ಸದ್ಯಕ್ಕೆ ಅರ್ಹವಲ್ಲ. ಕಾರಣ ಎರಡು.

ಮೊದಲನೆಯದು ಟಿಪಿಎಂ. ಅದು ಮದರ್‌ಬೋರ್ಡಿನಲ್ಲಿರುವ ಸಣ್ಣ ಚಿಪ್ಪು, ಗುಟ್ಟಿನ ಕೀಲಿಗಳನ್ನು ಬಚ್ಚಿಡುವುದು ಅದರ ಕೆಲಸ. ನನ್ನ ಯಂತ್ರದಲ್ಲಿ ಇಲ್ಲವೇ ಅಂದರೆ ಇದೆ. ಆದರೆ 1.2. ಬೇಕಾಗಿರುವುದು 2.0. ಹಳೆಯ ಜಾತಿ ಪ್ರಮಾಣಪತ್ರ ತಂದವರಿಗೆ ‘ಇದು ನಡೆಯಲ್ಲ, ಆರ್‌ಡಿ ನಂಬರ್ ಇರೋ ಹೊಸದು ತನ್ನಿ’ ಅನ್ನುತ್ತೇನಲ್ಲ, ಥೇಟ್ ಅದೇ ಧಾಟಿ.

ಭದ್ರತೆಯ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಕಚೇರಿಯ ಭದ್ರತೆ ಹೇಗಿದೆ ಅಂತ ಮಾತ್ರ ಹೇಳಿಬಿಡುತ್ತೇನೆ. ಸಾಹೇಬರ ಡಿಜಿಟಲ್ ಸಹಿಯ ಡಾಂಗಲ್ ಸಾಹೇಬರ ಹತ್ತಿರ ಇರುವುದಿಲ್ಲ, ಯಾಕೆಂದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಡಾಂಗಲ್ ಕಳೆದುಹೋಗಬಾರದು ಅಂತ ಕಡತ ಕಟ್ಟುವ ದಾರದಿಂದ ಮಾನಿಟರಿನ ಕಾಲಿಗೆ ಕಟ್ಟಿದ್ದೇವೆ. ಪಿನ್ ನಂಬರು ಗೋಡೆಯ ಕ್ಯಾಲೆಂಡರಿನಲ್ಲಿ, ವೈಕುಂಠ ಏಕಾದಶಿಯ ಮನೆಯಲ್ಲಿ ಪೆನ್ಸಿಲಿನಿಂದ ಬರೆದಿದೆ. ವರ್ಷ ಬದಲಾದಾಗ ಅದನ್ನು ಹೊಸ ಕ್ಯಾಲೆಂಡರಿಗೆ ನಕಲು ಮಾಡುವ ಹೊಣೆ ಅಟೆಂಡರದ್ದು. ಇಂಥ ಕೋಟೆಗೆ 2.0 ಚಿಪ್ಪಿಲ್ಲದಿದ್ದರೆ ಕಳ್ಳರು ನುಗ್ಗುತ್ತಾರಂತೆ.

ಎರಡನೆಯದು ಪ್ರೊಸೆಸರ್. ಇಂಟೆಲ್‌ನದಾದರೆ, ಒಂದೆರಡು ವಿನಾಯಿತಿ ಬಿಟ್ಟು, ಎಂಟನೇ ತಲೆಮಾರು ಇಲ್ಲವೇ ಅದರ ಈಚಿನದಾಗಿರಬೇಕು. ನನ್ನದು ನಾಲ್ಕನೆಯದು. ತಲೆಮಾರಿನ ಲೆಕ್ಕ ನಮಗೇನೂ ಹೊಸದಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ಇದ್ದೆವು ಅಂತ ತೋರಿಸಬೇಕು. ಮುತ್ತಜ್ಜನ ಕಾಲದ ಕಾಗದ ಎಲ್ಲಿಂದ ತರುವುದು ಅಂತ ಅವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅಲ್ಲಿ ಸಾಕಷ್ಟು ಹಳಬರಲ್ಲ ಅಂತ ತಿರಸ್ಕಾರ. ಇಲ್ಲಿ ಹಳೆಯದಾಯ್ತು ಅಂತ ತಿರಸ್ಕಾರ.

ಶಿರಸ್ತೇದಾರರ ಮುಂದೆ ಹೋಗಿ ನಿಂತೆ.

“ಇದಕ್ಕೆ ಹತ್ತಲ್ಲ ಸಾರ್. ಹೊಸದು ತಗೋಬೇಕು.”

“ಅನುದಾನ ಎಲ್ಲಿದೇರೀ?”

“ಹಾಗಾದ್ರೆ ಇದನ್ನ ಕಂಡೆಮ್ ಮಾಡಿ...”

“ಕೆಲಸ ಮಾಡೋ ಯಂತ್ರನ ಕಂಡೆಮ್ ಮಾಡಿದ್ರೆ ಆಡಿಟ್‌ನೋರು ನನ್ನನ್ನ ಕಂಡೆಮ್ ಮಾಡ್ತಾರೆ.”

“ಹಾಗಾದ್ರೆ ಇರೋದ್ರಲ್ಲೇ ನಡೆಸೋಣ.”

“ಸುತ್ತೋಲೆ ಓದಿಲ್ವೇನ್ರೀ?”

ಕಂಡೆಮ್ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟುಗಳ ಪಕ್ಕ ಹಳೆಯ ಡಬ್ಬಿ ಮಾನಿಟರುಗಳು ಸಾಲಾಗಿ ಕೂತಿವೆ. ಸತ್ತು ಎಷ್ಟೋ ವರ್ಷ ಆಯಿತು. ಆದೇಶ ಬಾರದೆ ಎತ್ತುವ ಹಾಗಿಲ್ಲ. ಒಂದರೊಳಗೆ ಇಲಿ ಸಂಸಾರ ಹೂಡಿ ಈಗ ಮೊಮ್ಮಕ್ಕಳೂ ಇವೆ. ತಲೆಮಾರಿನ ಲೆಕ್ಕದಲ್ಲಿ ಅವು ಎಂಟು ದಾಟಿರಬಹುದು.

ದುಡ್ಡು ಕಟ್ಟಿದರೆ ವಿಂಡೋಸ್ 10ಕ್ಕೇ ಇನ್ನೂ ಮೂರು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತಲೂ ಕಂಪನಿ ಹೇಳಿದೆ. ಕಚೇರಿಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ ಅದರ ದುಪ್ಪಟ್ಟು, ಮೂರನೇ ವರ್ಷ ಮತ್ತೂ ದುಪ್ಪಟ್ಟು. ಶಿರಸ್ತೇದಾರರು ಒಂದೇ ಪ್ರಶ್ನೆ ಕೇಳಿದರು: “ಡಾಲರಿಗೆ ಯಾವ ಲೆಕ್ಕ ಶೀರ್ಷಿಕೇರೀ?” ಆ ದಾರಿ ಅಲ್ಲಿಗೇ ಮುಚ್ಚಿತು.

ವಿಂಡೋಸ್ ಬಿಟ್ಟು ಉಬುಂಟು ಹಾಕೋಣ ಅಂತ ಹೇಳಿದವಳು ನಮ್ಮ ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗಿ. ಅದು ವಿಂಡೋಸಿನ ಹಾಗೇ ಯಂತ್ರ ನಡೆಸೋ ಲಿನಕ್ಸಿನ ಒಂದು ಬಗೆ, ಲಿನಕ್ಸು ಹಳೆಯ ಯಂತ್ರದಲ್ಲೂ ಓಡುತ್ತೆ, ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಅದರಲ್ಲೇ ಪಾಠ ಮಾಡ್ತಿವೆ, ಪೂರ್ತಿ ಪುಕ್ಕಟೆ ಅಂದಳು. ‘ಪುಕ್ಕಟೆ’ ಅಂದದ್ದೇ ತಪ್ಪಾಯಿತು.

“ಪುಕ್ಕಟೆ ಅಂದ್ರೆ ಬಿಲ್ ಹೆಂಗಮ್ಮ ಮಾಡೋದು? ಮೂರು ಕೊಟೇಶನ್ ಬೇಕು. ಸೊನ್ನೆಗಿಂತ ಕಮ್ಮಿ ಯಾರು ಕೋಟ್ ಮಾಡ್ತಾರೆ?”

ಅವಳು ವಾದ ಮಾಡಲಿಲ್ಲ. ಮೂರು ತಿಂಗಳಿಂದ ಅವಳಿಗೆ ಸಂಬಳ ಬಂದಿಲ್ಲ, ಪುಕ್ಕಟೆ ಕೆಲಸ ಕಚೇರಿಯಲ್ಲಿ ನಡೆಯುವುದಿಲ್ಲ ಅನ್ನುವುದನ್ನು ಅವಳಿಗೆ ಹೇಳುವ ಧೈರ್ಯ ನನಗೂ ಇರಲಿಲ್ಲ. ಮಾರನೇ ದಿನ ಬಂದವಳೇ, “ಸಾರ್, ಒಂದು ದಾರಿ ಇದೆ. ಆದ್ರೆ ಸ್ವಲ್ಪ ಹಂಗೆ” ಅಂದಳು. ನಮ್ಮ ಇಲಾಖೆಯಲ್ಲಿ ‘ಸ್ವಲ್ಪ ಹಂಗೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನಾನು ಬಾಗಿಲ ಕಡೆ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡೆ.

ವಿಂಡೋಸಿನ ಹೊಟ್ಟೆಯೊಳಗೆ ರಿಜಿಸ್ಟ್ರಿ ಅಂತ ಒಂದಿದೆಯಂತೆ. ನಮ್ಮ ಮ್ಯುಟೇಶನ್ ರಿಜಿಸ್ಟರ್ ಇದ್ದ ಹಾಗೆ, ಅದರಲ್ಲಿ ಬರೆದದ್ದೇ ವೇದವಾಕ್ಯ. ಅದರಲ್ಲಿ ‘ಸಿಸ್ಟಂ’, ಅದರೊಳಗೆ ‘ಸೆಟಪ್’, ಅದರೊಳಗೆ ‘ಮೋಸೆಟಪ್’. ಕೊನೆಯದನ್ನು ಅವಳು ಓದಿ ಹೇಳಿದಾಗ ನನಗೆ ‘ಮೋಸ’ ಅಂತಲೇ ಕೇಳಿಸಿತು. ಅಲ್ಲಿ ಹೊಸದೊಂದು ನಮೂದು ಮಾಡಬೇಕು. ಅದರ ಹೆಸರು ‘ಅಲೋಅಪ್‌ಗ್ರೇಡ್ಸ್‌ವಿತ್‌ಅನ್‌ಸಪೋರ್ಟೆಡ್‌ಟಿಪಿಎಂಆರ್‌ಸಿಪಿಯು’, ನಡುವೆ ಜಾಗ ಬಿಡುವ ಹಾಗಿಲ್ಲ. ಅಂದರೆ ಬೆಂಬಲವಿಲ್ಲದ ಟಿಪಿಎಂ ಇದ್ದರೂ, ಪ್ರೊಸೆಸರ್ ಇದ್ದರೂ ಒಳಗೆ ಬಿಡು ಅಂತ. ಅದರ ಮುಂದೆ 1 ಅಂತ ಹಾಕಿದರೆ ಮುಗಿಯಿತು.

“ಅಷ್ಟೇನಾ?”

“ಅಷ್ಟೇ ಸಾರ್.”

“ಇದನ್ನ ಯಾರು ಕಂಡುಹಿಡಿದರು? ಹ್ಯಾಕರ್‌ಗಳಾ?”

“ಇಲ್ಲ ಸಾರ್. 2021ರಲ್ಲಿ ಕಂಪನಿಯೋರೇ ಅವರ ವೆಬ್‌ಸೈಟಲ್ಲಿ ಹಾಕಿದ್ರು. ಆಮೇಲೆ ತೆಗೆದ್ರು.”

ನನಗೆ ಮೈ ಜುಮ್ಮೆಂದಿತು. ಅತಿಕ್ರಮಣ ಮಾಡಬಾರದು ಅಂತ ಬೋರ್ಡು ಹಾಕುವವರೂ ಅವರೇ, ನಮೂನೆ ಹಂಚುವವರೂ ಅವರೇ, ಕೊನೆಯ ದಿನಾಂಕ ಮುಗೀತು ಅಂತ ಕೌಂಟರ್ ಮುಚ್ಚುವವರೂ ಅವರೇ. ಆ ಕ್ಷಣ ಆ ಕಂಪನಿ ಬಹಳ ಆತ್ಮೀಯ ಅನ್ನಿಸಿಬಿಟ್ಟಿತು. ಸಾಗರದಾಚೆ ನಮ್ಮದೇ ಇಲಾಖೆಯ ಒಂದು ಶಾಖೆ.

1 ಹಾಕಿದೆವು. ಪೆನ್‌ಡ್ರೈವಿನಿಂದ ಸೆಟಪ್ ಶುರುವಾಯಿತು. ಆಗ ಬಂತು ನೋಡಿ ಮುಚ್ಚಳಿಕೆ. 100 ರೂಪಾಯಿ ಛಾಪಾ ಕಾಗದ ಒಂದಿರಲಿಲ್ಲ ಅಷ್ಟೇ. ನಿಮ್ಮ ಯಂತ್ರ ಅರ್ಹವಲ್ಲ, ಆದರೂ ಹಾಕಿಕೊಂಡರೆ ನಿಮಗೆ ಬೆಂಬಲ ಇಲ್ಲ, ಅಪ್‌ಡೇಟ್ ಪಡೆಯುವ ಹಕ್ಕು ಇಲ್ಲ, ಹೊಂದಾಣಿಕೆಯಾಗದೆ ಹಾಳಾದರೆ ತಯಾರಕರ ವಾರಂಟಿ ಅನ್ವಯಿಸುವುದಿಲ್ಲ. ಒಪ್ಪಿದ್ದೇನೆ ಅನ್ನುವ ಬಟನ್ ಒತ್ತಿ.

ನಾನು ಎರಡು ಸಲ ಓದಿದೆ. ಬೆರಳು ನಿಂತಿತು. “ಅಲ್ಲಮ್ಮ, 10ಕ್ಕೆ ಅಪ್‌ಡೇಟ್ ಬರಲ್ಲ ಅಂತ ತಾನೇ ನಾವು 11ಕ್ಕೆ ಹೋಗ್ತಿರೋದು?”

“ಹೌದು ಸಾರ್.”

“11ಕ್ಕೆ ಹೋದ್ರೂ ಅಪ್‌ಡೇಟ್ ನಮ್ಮ ಹಕ್ಕಲ್ಲ ಅಂತಿದಾನಲ್ಲ?”

“ಸುತ್ತೋಲೆಯಲ್ಲಿ ಅಪ್‌ಡೇಟ್ ಬರಬೇಕು ಅಂತಿಲ್ಲ ಸಾರ್. 11 ಹಾಕಬೇಕು ಅಂತಿದೆ.”

ಈ ಹುಡುಗಿಯನ್ನು ಕಾಯಂ ಮಾಡದೆ ಬಿಟ್ಟರೆ ಇಲಾಖೆಗೇ ನಷ್ಟ. ಬಟನ್ ಒತ್ತಿದೆ.

ಬೆಳಿಗ್ಗೆ 11ಕ್ಕೆ ಶುರುವಾದದ್ದು ಸಂಜೆ ನಾಲ್ಕೂವರೆಗೆ ಮುಗಿಯಿತು. ನಡುವೆ 46 ಪರ್ಸೆಂಟಿನಲ್ಲಿ ಎಷ್ಟು ಹೊತ್ತು ನಿಂತಿತ್ತೆಂದರೆ ನಾನು ಊಟ ಮುಗಿಸಿ, ಎಲೆ ಅಡಿಕೆ ಹಾಕಿ ಬಂದಾಗಲೂ 46. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದೆ, ಕರೆಂಟ್ ಹೋದರೆ ಕತೆ ಮುಗೀತು ಅಂತ ಅಟೆಂಡರ್ ಮಾನಿಟರಿಗೆ ಒಂದು ಊದುಬತ್ತಿ ಹಚ್ಚಿಟ್ಟ. ಮೂಢನಂಬಿಕೆ ಅಂತ ನಾನು ತೆಗೆಸಲು ಹೋಗಲಿಲ್ಲ. ನಮ್ಮ ಹತ್ತಿರ ಇದ್ದ ತಾಂತ್ರಿಕ ಬೆಂಬಲ ಅದೊಂದೇ.

ತೆರೆದುಕೊಂಡಾಗ ಶಿರಸ್ತೇದಾರರು ಮೊದಲು ಗಮನಿಸಿದ್ದು ಸ್ಟಾರ್ಟ್ ಬಟನ್. “ಎಡಗಡೆ ಇದ್ದಿದ್ದು ಮಧ್ಯಕ್ಕೆ ಯಾಕ್ರೀ ಬಂತು?” “ವರ್ಗಾವಣೆ ಸಾರ್.” ಅವರು ತಲೆಯಾಡಿಸಿದರು, ಕಾರಣ ಕೇಳಲಿಲ್ಲ.

ಆದರೆ ಯಂತ್ರ ಹೊಸದಾದ ಮೇಲೆ ಇನ್ನೊಂದು ಎಡವಟ್ಟು ಹೊರಬಿತ್ತು. ನಾವು ದಿನಾ ಬಳಸುವ ಒಂದು ಪೋರ್ಟಲ್ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆಯುತ್ತದೆ. ಎಕ್ಸ್‌ಪ್ಲೋರರ್ 2022ರ ಜೂನಿನಲ್ಲೇ ನಿವೃತ್ತಿಯಾಗಿದೆ, 11ರಲ್ಲಿ ಅದು ಇಲ್ಲವೇ ಇಲ್ಲ. ಸುರಕ್ಷತೆಗಾಗಿ ಹೊಸ ವಿಂಡೋಸ್ ಹಾಕಿ ಅನ್ನುವವರು ಯಾರೋ, ಸತ್ತ ಬ್ರೌಸರಿನಲ್ಲೇ ಕೆಲಸ ಮಾಡಿ ಅನ್ನುವ ಪೋರ್ಟಲ್ ಕಟ್ಟಿಸಿದವರು ಯಾರೋ. ಇಬ್ಬರೂ ಒಂದೇ ಕಟ್ಟಡದಲ್ಲಿ ಕೂತಿರುತ್ತಾರೆ. ಹುಡುಗಿ ಅದಕ್ಕೂ ದಾರಿ ಹುಡುಕಿದಳು. ಎಡ್ಜ್ ಬ್ರೌಸರಿನಲ್ಲಿ ಹಳೆಯ ಎಕ್ಸ್‌ಪ್ಲೋರರಿನ ವೇಷ ಹಾಕಿಸಬಹುದು. ಆ ಪಟ್ಟಿಗೆ ಸೇರಿಸಿದ ವಿಳಾಸಕ್ಕೆ 30 ದಿನ ಮಾತ್ರ ಆಯಸ್ಸು, ಆಮೇಲೆ ಮತ್ತೆ ಸೇರಿಸಬೇಕು. ನನಗೆ ಅದೂ ಹಿಡಿಸಿತು. ಪಿಂಚಣಿದಾರರಿಂದ ನಾವು ವರ್ಷಕ್ಕೊಮ್ಮೆ ಬದುಕಿದ್ದೇನೆ ಅನ್ನುವ ಪ್ರಮಾಣಪತ್ರ ಕೇಳುತ್ತೇವೆ. ಸತ್ತದ್ದಕ್ಕೆ ತಿಂಗಳಿಗೊಮ್ಮೆ ಕೇಳುವುದರಲ್ಲಿ ನ್ಯಾಯವಿದೆ.

ಅನುಪಾಲನಾ ವರದಿ ಹೋಯಿತು. ‘ಈ ಕಚೇರಿಯ ಎಲ್ಲ ಗಣಕಯಂತ್ರಗಳಿಗೂ ವಿಂಡೋಸ್ 11 ಅಳವಡಿಸಲಾಗಿದೆ ಎಂದು ತಮ್ಮ ಅವಗಾಹನೆಗೆ ಸಲ್ಲಿಸಿದೆ.’ ಮೇಲಿನಿಂದ ಮೆಚ್ಚುಗೆ ಬಂತು. ಅಪ್‌ಡೇಟೂ ಸದ್ಯಕ್ಕೆ ಬರುತ್ತಿದೆ, ಹಕ್ಕಿನಿಂದಲ್ಲ, ಕೃಪೆಯಿಂದ. ಬೇಜಾರು ಅಂದರೆ ಒಂದೇ. ಕೆಲವು ದಿನದ ಮೇಲೆ ಪರದೆಯ ಬಲ ಮೂಲೆಯಲ್ಲಿ ಮಸುಕಾಗಿ ಒಂದು ಬರಹ ಮೂಡಿತು. ‘ಸಿಸ್ಟಂ ರಿಕ್ವೈರ್‌ಮೆಂಟ್ಸ್ ನಾಟ್ ಮೆಟ್.’ ಹೋಗುತ್ತಲೇ ಇಲ್ಲ.

ನಿನ್ನೆ ಒಬ್ಬರು ಅಜ್ಜ ಬಂದಿದ್ದರು. ನಮೂನೆ 57ರ ಅರ್ಜಿದಾರರು. 2005ಕ್ಕೆ ಮೊದಲಿನಿಂದ ಉಳುಮೆ ಮಾಡುತ್ತಿದ್ದೇನೆ ಅಂತ ಬರೆದುಕೊಟ್ಟಿದ್ದರು. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು, ಮಡಿಕೆ ಬಿಡಿಸಿ, ಅಂಗೈಯಲ್ಲಿ ಉಜ್ಜಿ ಟೇಬಲ್ ಮೇಲೆ ಇಟ್ಟರು.

“ಉಪಗ್ರಹ ಚಿತ್ರದಲ್ಲಿ ನಿಮ್ಮ ಸಾಗುವಳಿ ಕಾಣಿಸ್ತಿಲ್ಲ ಅಜ್ಜ” ಅಂದೆ.

“ಅದು ಬಂದಾಗ ನಾನು ಉಣ್ಣಾಕೆ ಹೋಗಿದ್ನೇನೋ ಸ್ವಾಮಿ.”

“ದಾಖಲೆ ಸಾಲದು.”

ಅಜ್ಜ ಏಳಲಿಲ್ಲ. ಸ್ವಲ್ಪ ಹೊತ್ತು ನನ್ನ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಬೆರಳು ತೋರಿಸಿ ಕೇಳಿದರು.

“ಆ ಮೂಲೇಲಿ ಏನ್ ಸ್ವಾಮಿ ಬರ್ದಿರೋದು?”

“ಅದಾ? ಈ ಕಂಪ್ಯೂಟರಿಗೂ ದಾಖಲೆ ಸಾಲದು ಅಂತ.”

“ಮತ್ತೆ ನಡೀತಾ ಐತಲ್ಲ?”

“ಏನೋ, ನಡೀತಿದೆ.”

ಅಜ್ಜ ಕಾಗದಗಳನ್ನು ಕವರಿಗೆ ಹಾಕಿ, ಟೇಬಲ್ ಹಿಡಿದು ಎದ್ದರು.

“ಅದರದು ಎಷ್ಟನೇ ನಮೂನೆ ಸ್ವಾಮಿ? ನನಗೂ ಅದನ್ನೇ ಒಂದು ಕೊಡಿ.”