ಟಿವಿ ಮುಂದೆ ಕೂತವಳ ಕಾರ್ಬನ್ ಲೆಕ್ಕ

ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಪರಿಸರದ ಕಾಳಜಿ, ಇನ್ನೊಬ್ಬರಿಗೆ ಮ್ಯಾಚ್ ಹುಚ್ಚು ಇದ್ದರೆ, ಆ ಮನೆಯಲ್ಲಿ ಮೊದಲು ತಪ್ಪಿತಸ್ಥ ಆಗುವುದು ಟಿವಿ. ನಮ್ಮ ಮನೆಯಲ್ಲಿ ಹುಚ್ಚು ನನ್ನದು. ಹೆಂಗಸರಿಗೆ ಧಾರಾವಾಹಿ, ಗಂಡಸರಿಗೆ ಕ್ರಿಕೆಟ್ ಅಂತ ಇನ್ನೂ ನಂಬಿಕೊಂಡಿರುವವರು ಒಮ್ಮೆ ಕೊಡಗಿನ ಕಡೆ ಬನ್ನಿ. ಕಾಲೇಜಿನಲ್ಲಿ ಹಾಕಿ ಆಡಿದವಳು ನಾನು. ಭಾರತಕ್ಕೆ ಹಾಕಿ ಆಡಿದ ನಮ್ಮ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಇವರ ಹೆಸರು ಮನೆಯ ಹಿರಿಯರ ಬಾಯಲ್ಲಿ ನೆಂಟರ ಹೆಸರಿನಂತೆ ಬರುತ್ತಿದ್ದ ಕಾಲದಲ್ಲಿ ಬೆಳೆದವಳು. ಹಾಕಿ, ಕ್ರಿಕೆಟ್, ಟೆನಿಸ್, ಬ್ಯಾಡ್ಮಿಂಟನ್ ಯಾವುದು ಬಂದರೂ ಕೂತು ನೋಡುತ್ತೇನೆ. ಏನೂ ಇಲ್ಲದ ದಿನ ಕಬಡ್ಡಿಯೂ ಆಗುತ್ತದೆ.

ನಮ್ಮ ಮನೆಯವರದು ತೋಟ, ಮರ, ಹೊಳೆ. ಇವರ ಕಾಳಜಿ ಶೋಕಿಯದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2018ರ ಆಗಸ್ಟ್ ತಿಂಗಳನ್ನು ನಮ್ಮ ಜಿಲ್ಲೆಯವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಜಾರಿದಾಗ ಇವರ ಅಕ್ಕನ ತೋಟದ ಒಂದು ಮಗ್ಗುಲೇ ಹೋಯಿತು. ಅತ್ತಿಗೆಯ ಮಾವ ನೆಟ್ಟ ಕಾಫಿ, ಮೆಣಸಿನ ಬಳ್ಳಿ ಹಬ್ಬಿದ್ದ ಮರಗಳು ಎಲ್ಲಾ ಕೆಸರಿನ ಜೊತೆ ಗದ್ದೆಗೆ ಬಂದು ಬಿದ್ದವು. ಅದಕ್ಕೆ ಕೆಲವು ವರ್ಷ ಮೊದಲು ಮೈಸೂರಿನಿಂದ ಕೋಝಿಕ್ಕೋಡ್‌ಗೆ 400 ಕೆ.ವಿ. ಕರೆಂಟ್ ಲೈನ್ ಎಳೆದರು. ಅದಕ್ಕಾಗಿ ಕೊಡಗಿನಲ್ಲಿ 50,000ಕ್ಕೂ ಹೆಚ್ಚು ಮರ ಉರುಳಿದವು. ಸ್ವಿಚ್ ಒತ್ತುವಾಗೆಲ್ಲ ಇವರಿಗೆ ಆ ಲೈನ್ ಕಣ್ಣ ಮುಂದೆ ಬರುತ್ತದಂತೆ. ಬರಲಿ, ತಪ್ಪೇನಿಲ್ಲ.

ಹಾಗಾಗಿ ನಮ್ಮ ತೋಟಕ್ಕೆ ಕಳೆನಾಶಕ ಬರುವುದಿಲ್ಲ. ಬೇಗ ಬೆಳೆಯುತ್ತೆ, ಒಳ್ಳೆ ದುಡ್ಡು ಅಂತ ಎಲ್ಲರೂ ಸಿಲ್ವರ್ ಓಕ್ ಹಾಕಿದಾಗಲೂ ಇವರು ಹಾಕಲಿಲ್ಲ. ಹಲಸು, ಅತ್ತಿ, ನಂದಿ, ಹೊನ್ನೆ ಇದ್ದ ಹಾಗೇ ಇವೆ. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಸುವ ಕೆಲಸ, ಮಾಡಿಸುವಾಗ ಕೆಳಗೆ ನಿಂತು ಒಂದೊಂದು ಕೊಂಬೆಗೂ ಚೌಕಾಸಿ ಮಾಡುತ್ತಾರೆ. ಮದುವೆಗೆ ಹೋದರೆ ಜೇಬಲ್ಲಿ ಸ್ಟೀಲ್ ಲೋಟ. ಇದೆಲ್ಲಾ ನನಗೆ ಇಷ್ಟವೇ. ಜಗಳ ಇರುವುದು ಸಂಜೆ ಏಳೂವರೆಗೆ.

"ಇನ್ನೂ ಎಷ್ಟು ಹೊತ್ತು ಉರಿಸ್ತೀಯಾ ಅದನ್ನ?"

ಐಪಿಎಲ್ ಶುರುವಾದರೆ ಈ ಪ್ರಶ್ನೆಯೂ ಶುರು. ಈ ಸಲ ನಾನು ಉತ್ತರ ಕೊಡುವ ಬದಲು ಕಾಗದ ಪೆನ್ನು ತಗೊಂಡೆ. ನಮ್ಮದು 43 ಇಂಚಿನ ಎಲ್‌ಇಡಿ ಟಿವಿ. ಸೆಟ್‌ಟಾಪ್ ಬಾಕ್ಸ್ ಸೇರಿಸಿ ಸುಮಾರು 100 ವಾಟ್ ಅಂದುಕೊಳ್ಳಿ. ಒಂದು ಮ್ಯಾಚ್ ನಾಲ್ಕು ಗಂಟೆ. ಅಂದರೆ 0.4 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಹತ್ತಿರ ಹತ್ತಿರ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಲೆಕ್ಕ ಹಾಕುತ್ತಾರೆ. ಒಂದು ಮ್ಯಾಚ್‌ಗೆ 300 ಗ್ರಾಂ ಕೂಡ ಆಗಲಿಲ್ಲ.

ಈಗ ಇನ್ನೊಂದು ಲೆಕ್ಕ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ನಮ್ಮ ಪಂಪ್ 10 ಎಚ್‌ಪಿ. ಅಂದರೆ ಏಳೂವರೆ ಕಿಲೋವಾಟ್. ನಾಲ್ಕು ಗಂಟೆ ಓಡಿದರೆ 30 ಯೂನಿಟ್. ಐಪಿಎಲ್‌ನಲ್ಲಿ ಫೈನಲ್ ಸೇರಿ 74 ಮ್ಯಾಚ್. ಒಂದೂ ಬಿಡದೆ ನೋಡಿದರೂ 30 ಯೂನಿಟ್ ಮುಟ್ಟುವುದಿಲ್ಲ. ತೋಟಕ್ಕೆ ಒಂದು ಬೆಳಿಗ್ಗೆ ನೀರು ಹಾಯಿಸಿದ ಕರೆಂಟ್‌ನಲ್ಲಿ ನಾನು ಇಡೀ ಐಪಿಎಲ್ ನೋಡಿ ಮುಗಿಸಬಹುದು. ಅದೂ ನಮ್ಮದು ಕರೆಂಟ್ ಪಂಪ್ ಆದ್ದರಿಂದ. ಪಕ್ಕದ ತೋಟದವರ ಡೀಸೆಲ್ ಎಂಜಿನ್ ಲೆಕ್ಕ ಹಾಕಲು ಹೋಗಲಿಲ್ಲ, ನೆಂಟಸ್ತಿಕೆ ಉಳಿಯಬೇಕಲ್ಲ.

ಕಾಗದ ತೋರಿಸಿದೆ. ಇವರು ಎರಡು ಸಲ ಓದಿದರು. ಆಮೇಲೆ ಹೇಳಿದ್ದು ಇಷ್ಟೇ: "ಪಂಪ್ ಅನ್ನ ಹಾಕುತ್ತೆ. ಟಿವಿ ಏನು ಹಾಕುತ್ತೆ?"

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಈ ಬರಹ ಬರೆಯುತ್ತಿರುವುದೂ ಇದಕ್ಕೇ.

ಮನೆಯೊಳಗಿನ ಪರಿಸರದ ಜಗಳಗಳನ್ನು ಸ್ವಲ್ಪ ಗಮನಿಸಿ. ದುಡಿಮೆಗೆ ಖರ್ಚಾದ ಕರೆಂಟ್, ಡೀಸೆಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ಖುಷಿಗೆ ಖರ್ಚಾದದ್ದು ಮಾತ್ರ ಬೀಳುತ್ತದೆ. ಟಿವಿಗೆ ಬೆಳಕಿದೆ, ಸದ್ದಿದೆ, ಅದರ ಮುಂದೆ ಒಬ್ಬಳು ಕಾಲು ಚಾಚಿಕೊಂಡು ಕೂತಿದ್ದಾಳೆ. ಬೈಯಲು ಇದಕ್ಕಿಂತ ಸುಲಭದ ಜಾಗ ಯಾವುದಿದೆ? ಗೀಸರ್ ಪಾಪ ಬಚ್ಚಲು ಮನೆಯ ಮೂಲೆಯಲ್ಲಿ ಸುಮ್ನೆ ಕೂತು 2, 3 ಕಿಲೋವಾಟ್ ಎಳೆಯುತ್ತದೆ, ಅದಕ್ಕೆ ಯಾರೂ ಭಾಷಣ ಬಿಗಿಯುವುದಿಲ್ಲ. ಇನ್ನು ಕಾಲು ಚಾಚಿ ಕೂತವಳು ಮನೆಯ ಹೆಂಗಸಾದರೆ ಲೆಕ್ಕ ಇನ್ನೂ ಬೇಗ ಬರುತ್ತದೆ. ಇವರು ಬೇಕಂತ ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಅತ್ತೆಯವರು ಆರೂವರೆಯಿಂದ ಹತ್ತರವರೆಗೆ ಒಂದರ ಹಿಂದೆ ಒಂದು ಧಾರಾವಾಹಿ ನೋಡುವಾಗ ಆ 400 ಕೆ.ವಿ. ಲೈನ್ ಯಾರಿಗೂ ನೆನಪಾಗಿದ್ದಿಲ್ಲ. ಅಮ್ಮನ ಧಾರಾವಾಹಿಗೆ ಕಾರ್ಬನ್ ಇಲ್ಲ ಅಂತ ಕಾಣುತ್ತೆ.

ಇನ್ನೊಂದು ತಮಾಷೆ. ರಿಮೋಟ್‌ನಲ್ಲಿ ಆಫ್ ಮಾಡಿದ ಸೆಟ್‌ಟಾಪ್ ಬಾಕ್ಸ್ ಗೋಡೆಯ ಸ್ವಿಚ್ ಆಫ್ ಆಗುವವರೆಗೂ ಕರೆಂಟ್ ಎಳೆಯುತ್ತಲೇ ಇರುತ್ತದೆ. 10 ವಾಟ್ ಅಂತ ಹಿಡಿದರೂ ದಿನಕ್ಕೆ ಅರ್ಧ ಮ್ಯಾಚ್‌ನಷ್ಟು. ಮ್ಯಾಚ್ ಬಗ್ಗೆ ಜಗಳ ಆಡುವವರು ಮೊದಲು ಎದ್ದು ಆ ಸ್ವಿಚ್ ಆಫ್ ಮಾಡಲಿ.

ನನ್ನ ಪ್ರಕಾರ, ಆಟದ ಹುಚ್ಚು ಇರುವವರಿಗೆ ಮನೆಯಲ್ಲಿ ಟಿವಿಯಲ್ಲಿ ನೋಡುವುದಕ್ಕಿಂತ ಹಗುರವಾದ ದಾರಿಯೇ ಇಲ್ಲ. ನನ್ನ ತಮ್ಮ ಮತ್ತು ಅವನ ಗೆಳೆಯರು ಚಿನ್ನಸ್ವಾಮಿಗೆ ಹೋಗಿ ನೋಡುವವರು. ಮಡಿಕೇರಿಯಿಂದ ಬೆಂಗಳೂರು 260 ಕಿ.ಮೀ. ಹೋಗಿ ಬರಲು ಲೀಟರ್‌ಗೆ 15 ಕಿ.ಮೀ. ಕೊಡುವ ಕಾರಿಗೆ 35 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಸುಟ್ಟರೆ ಎರಡು ಕೆಜಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್. ಒಟ್ಟು 80 ಕೆಜಿ ಆಯಿತು. ನಾಲ್ಕು ಜನ ಹಂಚಿಕೊಂಡರೂ ತಲೆಗೆ 20 ಕೆಜಿ. ಅಷ್ಟರಲ್ಲಿ ಟಿವಿಯಲ್ಲಿ ಎಪ್ಪತ್ತು ಮ್ಯಾಚ್ ನೋಡಬಹುದು. ಆ ಸ್ಟೇಡಿಯಂನ ಚಾವಣಿ ಮೇಲೆ 2015ರಲ್ಲೇ 400 ಕಿಲೋವಾಟ್ ಸೋಲಾರ್ ಹಾಕಿದ್ದಾರೆ, ಒಳ್ಳೆಯದೇ. ಆದರೆ ಅಲ್ಲಿಗೆ ಹೋಗಿ ಸೇರುವ ನಲವತ್ತು ಸಾವಿರ ಜನರ ವಾಹನಗಳಿಗೆ ಆ ಸೋಲಾರ್ ಏನು ಮಾಡೀತು? ನಾನು ಸ್ಟೇಡಿಯಂಗೆ ಹೋಗುವುದಿಲ್ಲ. ಅದು ತ್ಯಾಗವೇನೂ ಅಲ್ಲ, ಮನೆಯಲ್ಲಿ ರಿಪ್ಲೇ ಚೆನ್ನಾಗಿ ಕಾಣುತ್ತೆ.

ಕರೆಂಟ್ ವಿಷಯ ಇಷ್ಟೇ. ಅದರಲ್ಲಿ ಜಾಸ್ತಿ ಏನೂ ಇಲ್ಲ.

ಇವರ ಎರಡನೇ ವಾದ ಇದೆಯಲ್ಲ, ಅದು ಗಟ್ಟಿಯಾದದ್ದು. "ನೀನು ಆಟ ನೋಡ್ತಾ ಇದ್ದೀಯಾ. ಆದರೆ ಅವರು ನಿನಗೆ ಮಾರ್ತಾ ಇರೋದು ಏನು ಅಂತ ನೋಡು" ಅಂತಾರೆ. ನೋಡಿದೆ. ಓವರ್ ಮುಗಿದ ಕೂಡಲೇ ಕೋಲಾ, ಕಾರು, ಪೇಂಟ್, ಹೊಸ ಫೋನ್. ವಿಕೆಟ್ ಬಿದ್ದರೂ ಜಾಹೀರಾತು, ಅಂಪೈರ್ ತೀರ್ಪನ್ನು ಮತ್ತೆ ನೋಡುವ ಡಿಆರ್‌ಎಸ್‌ಗೂ ಜಾಹೀರಾತು. ಆಟಕ್ಕೆ ದುಡ್ಡು ಕೊಡುವವರಲ್ಲಿ ತೈಲ ಕಂಪನಿಗಳೂ ಇವೆ. ಸೌದಿಯ ಅರಾಮ್ಕೊ 2022ರಲ್ಲಿ ಐಸಿಸಿ ಜೊತೆ, 2024ರಲ್ಲಿ ಫಿಫಾ ಜೊತೆ ಒಪ್ಪಂದ ಮಾಡಿಕೊಂಡಿತು. ಪೆಟ್ರೋಲ್ ಮಾರುವವರ ಹೆಸರನ್ನು ಬೌಂಡರಿ ಗೆರೆಯಲ್ಲಿ ನೋಡಿಕೊಂಡು ನಾನು ಫೋರ್‌ಗೆ ಚಪ್ಪಾಳೆ ಹೊಡೆಯುತ್ತೇನೆ. ಇದು ನನಗೂ ಇರಿಸುಮುರಿಸೇ.

ಇದರ ಮೇಲೆ ಹಸಿರು ಬಣ್ಣ ಬಳಿಯುವುದು ಬೇರೆ. 2023ರ ಪ್ಲೇಆಫ್‌ನಿಂದ ಐಪಿಎಲ್‌ನವರು ರನ್ ಬಾರದ ಒಂದೊಂದು ಡಾಟ್ ಬಾಲ್‌ಗೆ 500 ಗಿಡ ನೆಡುತ್ತೇವೆ ಅಂತ ಶುರು ಮಾಡಿದರು. ಸ್ಕೋರ್ ಪಟ್ಟಿಯಲ್ಲಿ ಚುಕ್ಕೆಯ ಜಾಗಕ್ಕೆ ಮರದ ಚಿತ್ರ. ಕಾಮೆಂಟರಿಯವರಿಗೆ ಸಂಭ್ರಮವೋ ಸಂಭ್ರಮ. ನಮ್ಮ ಮನೆಯವರು ಬಾಗಿಲಲ್ಲೇ ನಿಂತು ಕೇಳಿದರು: "ಯಾವ ಗಿಡ? ಎಲ್ಲಿ ನೆಟ್ಟರು? ಎರಡನೇ ಬೇಸಿಗೆಗೆ ಯಾರು ನೀರು ಹಾಕ್ತಾರೆ?" ನರ್ಸರಿ ಬುಟ್ಟಿಯಿಂದ ತಂದು ನೆಟ್ಟ ಸಸಿಗಳಲ್ಲಿ ಎಷ್ಟು ಬದುಕುತ್ತವೆ ಅಂತ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೆಟ್ಟ ಲೆಕ್ಕ ಬೇರೆ, ಉಳಿದ ಲೆಕ್ಕ ಬೇರೆ. ಉಳಿದ ಲೆಕ್ಕವನ್ನೂ ಅದೇ ಸ್ಕೋರ್ ಪಟ್ಟಿಯಲ್ಲಿ ತೋರಿಸಲಿ, ನಾನೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ಫುಟ್‌ಬಾಲ್‌ನವರು ಇನ್ನೂ ದೊಡ್ಡ ಮಾತಾಡಿದವರು. 2022ರ ಕತಾರ್ ವಿಶ್ವಕಪ್ಪನ್ನು ಕಾರ್ಬನ್ ನ್ಯೂಟ್ರಲ್, ಅಂದರೆ ಒಟ್ಟು ಲೆಕ್ಕದಲ್ಲಿ ಹೊಗೆ ಸೊನ್ನೆ, ಅಂತ ಕರೆದರು. ಮರುವರ್ಷ ಸ್ವಿಟ್ಜರ್ಲೆಂಡ್‌ನ ಜಾಹೀರಾತು ನಿಯಂತ್ರಣ ಸಂಸ್ಥೆ ಆ ಮಾತಿಗೆ ಆಧಾರ ಇಲ್ಲ ಅಂತ ಹೇಳಿತು. 2026ರ ವಿಶ್ವಕಪ್‌ಗೆ 48 ತಂಡ, ಮೂರು ದೇಶ. ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ ವಿಮಾನದಲ್ಲಿ ಓಡಾಡಿ ಆಡುವ ಆಟ. ಇಂಥ ಕಡೆ ಟನ್‌ಗಟ್ಟಲೆ ಹೊಗೆ ಹೋಗುತ್ತಿರುವಾಗ ನನ್ನ 300 ಗ್ರಾಂ ಹಿಡಿದುಕೊಂಡು ಜಗ್ಗಾಡುವುದರಲ್ಲಿ ಏನರ್ಥ? ವೇಳಾಪಟ್ಟಿ ಮಾಡುವವರನ್ನು ಕೇಳಬೇಕು. ತಂಡಗಳನ್ನು ಪ್ರದೇಶವಾರು ಹಂಚಿ ಆಡಿಸಿದರೆ ಎಷ್ಟೋ ವಿಮಾನ ಉಳಿಯುತ್ತವೆ. ಗಿಡ ನೆಡುವುದಕ್ಕಿಂತ ಮೊದಲು ಆ ಕೆಲಸ ಆಗಲಿ.

ಇವರು ಇಲ್ಲಿ ಒಂದು ಮಾತು ಹೇಳಿದರು, ನನಗೆ ಅದಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ನೋಡುವ ಕೋಟಿಗಟ್ಟಲೆ ಕಣ್ಣುಗಳಿವೆ ಅಂತ ತಾನೇ ಅವರಿಗೆ ಅಷ್ಟು ದುಡ್ಡು ಬರುವುದು, ಅದರಲ್ಲಿ ನಿನ್ನ ಎರಡು ಕಣ್ಣೂ ಸೇರಿವೆ ಅಲ್ವಾ ಅಂತ. ಸೇರಿವೆ. ಹಾಗಂತ ಕಣ್ಣು ಮುಚ್ಚಿಕೊಳ್ಳಲು ನಾನು ತಯಾರಿಲ್ಲ. ಆಟವನ್ನು ಪ್ರೀತಿಸುವವರೆಲ್ಲ ಎದ್ದು ಹೋದರೆ ಆಟ ಪೂರ್ತಿ ಮಾರುವವರ ಕೈಗೆ ಹೋಗುತ್ತದೆ. ಕೂತು ನೋಡುತ್ತಲೇ ಪ್ರಶ್ನೆ ಕೇಳುವವರು ಬೇಕು.

ಕೇಳಿದರೆ ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ಹಾಕಿಯೇ ಇದೆ. ಕೃತಕ ಹುಲ್ಲಿನ ಟರ್ಫ್ ಮೇಲೆ ಆಡಲು ಮ್ಯಾಚ್‌ಗೆ ಮೊದಲು ಸಾವಿರಾರು ಲೀಟರ್ ನೀರು ಚಿಮುಕಿಸಬೇಕು. ನೀರಿಲ್ಲದಿದ್ದರೆ ಬಾಲ್ ಓಡುವುದಿಲ್ಲ, ಬಿದ್ದರೆ ಮೊಣಕಾಲು ಸುಲಿಯುತ್ತದೆ. ನೀರಿಗೆ ಪರದಾಡುವ ಊರುಗಳಲ್ಲಿ ಇದು ನಾಚಿಕೆಯ ವಿಷಯ ಅಂತ ಹಾಕಿಯವರೇ ಮಾತಾಡಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕಡಿಮೆ ನೀರು ಸಾಕಾಗುವ, ಕಬ್ಬಿನ ಮೂಲದ ಪ್ಲಾಸ್ಟಿಕ್ ಬಳಸಿದ ಟರ್ಫ್ ಬಂತು. ನೀರೇ ಬೇಡದ ಟರ್ಫ್ ಕಡೆ ಅಂತರರಾಷ್ಟ್ರೀಯ ಫೆಡರೇಷನ್ ಕೆಲಸ ಮಾಡುತ್ತಿದೆ. ಇವರಿಗೆ ಇದನ್ನು ಹೇಳಿದ ದಿನ ಸ್ವಲ್ಪ ಖುಷಿಯಾದರು. ಕಂಚಿನ ಪದಕದ ಪಂದ್ಯವನ್ನೂ ಪಕ್ಕದಲ್ಲೇ ಕೂತು ನೋಡಿದರು.

ಈಗ ಮನೆಯಲ್ಲಿ ಒಂದು ಒಪ್ಪಂದ ಇದೆ. ಯಾರೂ ಬರೆದಿಟ್ಟದ್ದಲ್ಲ, ಜಗಳದಲ್ಲೇ ಆದದ್ದು. ಜಾಹೀರಾತು ಬಂದರೆ ಮ್ಯೂಟ್. ಇದರಿಂದ ಮನೆಗೆ ಎಷ್ಟು ನೆಮ್ಮದಿ ಬಂದಿದೆ ಅಂತ ನಿಮಗೆ ಹೇಳಿದರೆ ಅರ್ಥ ಆಗಲ್ಲ, ಮಾಡಿ ನೋಡಿ. ಮ್ಯಾಚ್ ಇದ್ದಾಗ ಒಂದೇ ಪರದೆ. ಮಗ ಕೋಣೆಯಲ್ಲಿ ಫೋನ್ ಹಿಡಿದು, ನಾನು ಹಾಲ್‌ನಲ್ಲಿ ಟಿವಿ ಹಾಕಿ, ಒಂದೇ ಮ್ಯಾಚನ್ನು ಎರಡು ಕಡೆ ನೋಡುವುದಿಲ್ಲ. ತೋಟದ ಕೆಲಸದವರ ಲೈನ್‌ಮನೆಯ ಮಕ್ಕಳೂ ಬಂದು ಕೂರುತ್ತಾರೆ. ಚಿಪ್ಸ್ ಪ್ಯಾಕೆಟ್ ಇಲ್ಲ, ಹಲಸಿನ ಕಾಲದಲ್ಲಿ ಮನೆಯಲ್ಲೇ ಕರಿದಿಟ್ಟ ಚಿಪ್ಸ್. ನಮ್ಮ ತಂಡ ಗೆದ್ದರೂ ಪಟಾಕಿ ಇಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ರಾತ್ರಿ ಊರಲ್ಲಿ ಪಟಾಕಿ ಸದ್ದು ಕೇಳಿತು. ನಾವು ಕೂಗಿದ್ದೇ ಸಾಕಾಯಿತು ಅನ್ನಿ, ನಾಯಿ ಮಂಚದ ಕೆಳಗೆ ಸೇರಿತ್ತು.

ಮಗನಿಗೆ 55 ಇಂಚಿನ ಟಿವಿ ಬೇಕಂತೆ. ಇಲ್ಲಿ ನಾನು ಗಂಡನ ಪಕ್ಷ. ಓಡುತ್ತಿರುವ ಟಿವಿ ಬಿಸಾಕಿ ಹೊಸದು ತಂದರೆ, ಅದನ್ನು ತಯಾರಿಸಲು, ಸಾಗಿಸಲು ಹೋದ ಇಂಧನ, ಹಳೆಯದರ ಕಸ ಎಲ್ಲಾ ನಮ್ಮ ಲೆಕ್ಕಕ್ಕೇ. ನೋಡುವುದರಲ್ಲಿ ಇಲ್ಲದ ಭಾರ ಕೊಳ್ಳುವುದರಲ್ಲಿ ಇದೆ. ಇರುವ ಟಿವಿಯಲ್ಲಿ ಬಾಲ್ ಚೆನ್ನಾಗೇ ಕಾಣುತ್ತದೆ.

ನನ್ನ ಕಡೆಯಿಂದಲೂ ಒಂದು ಷರತ್ತು ಹಾಕಿದ್ದೇನೆ. ಕೊನೆಯ ಓವರ್‌ನಲ್ಲಿ ಪರಿಸರದ ಮಾತು ಕೂಡದು. ಪ್ರಳಯ ಆದರೂ ಆರು ಬಾಲ್ ಮುಗಿಯಲಿ. ಇದನ್ನು ಇವರು ಪಾಲಿಸುತ್ತಿದ್ದಾರೆ. 2025ರ ನವೆಂಬರ್ 2ರಂದು ಮಹಿಳಾ ವಿಶ್ವಕಪ್ ಫೈನಲ್ ಮಳೆಯಿಂದ ಎರಡು ಗಂಟೆ ತಡವಾಗಿ, ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸುವಾಗ ಮಧ್ಯರಾತ್ರಿ ದಾಟಿತ್ತು. ಬೆಳಿಗ್ಗೆ ಬೇಗ ತೋಟಕ್ಕೆ ಹೋಗಬೇಕಾದ ಮನುಷ್ಯ ಎದ್ದು ಹೋಗಲಿಲ್ಲ. ಎಷ್ಟು ಹೊತ್ತು ಉರಿಸ್ತೀಯಾ ಅಂತಲೂ ಕೇಳಲಿಲ್ಲ.

ಪಂಪ್ ವಿಷಯದಲ್ಲೂ ಒಂದಿಷ್ಟು ಆಗಿದೆ. ಕಾಗದದಲ್ಲಿ ಬರೆದ ಆ 30 ಯೂನಿಟ್ ಇವರನ್ನು ಬಿಟ್ಟಿಲ್ಲ. ಬುಡಕ್ಕೆ ತರಗೆಲೆ ಹೊದಿಸಿದರೆ ಒಂದು ಸುತ್ತು ನೀರು ಕಡಿಮೆ ಮಾಡಬಹುದಾ, ಸೋಲಾರ್ ಪಂಪ್ ಈ ಎತ್ತರಕ್ಕೆ ನೀರು ತಳ್ಳುತ್ತಾ ಅಂತ ಸಿಕ್ಕಸಿಕ್ಕವರನ್ನು ಕೇಳುತ್ತಿದ್ದಾರೆ.

ಬಗೆಹರಿಯದೆ ಉಳಿದಿರುವುದು ಒಂದೇ. ಕೊಡವ ಕುಟುಂಬಗಳ ಹಾಕಿ ಹಬ್ಬ ಬಂದರೆ ಇವರು ಮನೆಯಲ್ಲೇ ಇರುವುದಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳಿಂದ ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಾಗಿ ಗಿನ್ನಿಸ್ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ 396. ಮೈದಾನದ ಸುತ್ತ ನಿಂತ ಜೀಪು, ಕಾರುಗಳ ಸಾಲು ನೋಡಬೇಕು ನೀವು. ಬೆಂಗಳೂರಿನಿಂದ, ಮೈಸೂರಿನಿಂದ, ಎಲ್ಲೆಲ್ಲಿಂದಲೋ ಬಂದಿರುತ್ತವೆ. "ಇದರ ಕಾರ್ಬನ್ ಲೆಕ್ಕ ಹಾಕೋಣ್ವಾ ರೀ?" ಅಂತ ಕೇಳಿದೆ.

"ಅದು ಬೇರೆ" ಅಂದರು.

ಹೇಗೆ ಬೇರೆ ಅಂತ ಇನ್ನೂ ಹೇಳಿಲ್ಲ.