ಸಿಸ್ಲಿ ಆಕಾಶದಿಂದ ಶುರುಮಾಡುತ್ತಿದ್ದ

ಚಿತ್ರಕಾರ ಆಲ್ಫ್ರೆಡ್ ಸಿಸ್ಲಿಯನ್ನು "ಮೊನೆ ಥರ ಚಿತ್ರ ಬರೆಯುತ್ತಿದ್ದವನು" ಎಂದು ಒಂದೇ ಮಾತಲ್ಲಿ ಮುಗಿಸುವುದು ದೊಡ್ಡ ಅನ್ಯಾಯ. ಫ್ರೆಂಚ್ ಚಿತ್ರಕಾರರಾದ ಮೊನೆ, ರೆನ್ವಾರ್ ಜೊತೆ ಚಿತ್ರಕಲೆಯ ಗುರು ಗ್ಲೇರ್ ಸ್ಟುಡಿಯೋದಲ್ಲಿ ಕಲಿತವನು ನಿಜ. ಆದರೆ ಆಕಾಶದ ವಿಷಯದಲ್ಲಿ ಅವನಿಗೆ ಅವನೇ ಸಾಟಿ.

ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿರುವ 1876ರ ಪೋರ್ಟ್-ಮಾರ್ಲಿ ಎಂಬ ಊರಿನ ನೆರೆಹಾವಳಿಯ ಚಿತ್ರ ನೋಡಿ. 60×81 ಸೆಂ.ಮೀ. ಅಷ್ಟೇ. ಸೇನ್ ನದಿ ಉಕ್ಕಿ ವೈನ್ ಅಂಗಡಿಯನ್ನು ಸುತ್ತುವರಿದಿದೆ. ಗೋಳಾಟವಿಲ್ಲ, ಮೋಡ, ನೀರು, ಒಂದೆರಡು ದೋಣಿ.

ಚಿತ್ರವನ್ನು ಯಾವಾಗಲೂ ಆಕಾಶದಿಂದಲೇ ಶುರುಮಾಡುತ್ತೇನೆ, ಅದು ಬರೀ ಹಿನ್ನೆಲೆಯಲ್ಲ ಎಂದು ಸಿಸ್ಲಿ ಗೆಳೆಯ ತಾವರ್ನಿಯೇಗೆ ಬರೆದಿದ್ದ. ಕುಂಚ ಹಿಡಿದವರಿಗೆ ಇದರ ಬೆಲೆ ಗೊತ್ತು. ಬಿಳಿ ಕ್ಯಾನ್ವಾಸಿನ ಮೇಲೆ ಯಾವ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಮನೆ ಮೊದಲು ಬರೆದರೆ ಗೋಡೆಗೆ ಬಿಳಿ ಜಾಸ್ತಿ ಬೆರೆಸಿಬಿಡುತ್ತೇವೆ. ಆಮೇಲೆ ಬೂದು ಆಕಾಶ ತುಂಬಿದಾಗ ಅದೇ ಗೋಡೆ ಸುಣ್ಣ ಬಳಿದ ಹಾಗೆ ಕಣ್ಣಿಗೆ ಹೊಡೆಯುತ್ತದೆ, ಮತ್ತೆಲ್ಲ ತಿದ್ದಬೇಕು. ಆಕಾಶ ಮೊದಲು ಕೂತರೆ ಉಳಿದದ್ದನ್ನು ಅದಕ್ಕೆ ತೂಗಿ ನೋಡಬಹುದು. ನೀರಿನ ಲೆಕ್ಕವೂ ಅಷ್ಟೇ: ಪ್ರತಿಬಿಂಬದಲ್ಲಿ ಬೆಳಕು ಸ್ವಲ್ಪ ಮಂಕು, ನೆರಳು ಸ್ವಲ್ಪ ತಿಳಿ. ಮೇಲಿನದನ್ನೇ ಕೆಳಗೆ ಇಳಿಸಿದರೆ ನದಿ ಹೋಗಿ ಕನ್ನಡಿ ಆಗುತ್ತದೆ.

ಒಂದೇ ಚಿತ್ರದಲ್ಲಿ ಬಣ್ಣ ಹಚ್ಚುವ ರೀತಿಯೂ ಜಾಗಕ್ಕೆ ತಕ್ಕಂತೆ ಬದಲಾಗಬೇಕೆಂದು ಅವನು ನಂಬಿದ್ದ. ಫೋನಿನ ಪರದೆಯಲ್ಲಿ ಅದೆಲ್ಲ ಸಪಾಟಾಗಿಬಿಡುತ್ತದೆ. ಸಿಸ್ಲಿ ಅನೇಕರಿಗೆ ಸಪ್ಪೆ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಮನುಷ್ಯರನ್ನು ಬರೆಯುವುದರಲ್ಲಿ ಅವನ ಕೈ ಅಷ್ಟಕ್ಕಷ್ಟೇ, ಒಪ್ಪುತ್ತೇನೆ.

1839ರಲ್ಲಿ ಪ್ಯಾರಿಸ್ಸಿನಲ್ಲೇ ಹುಟ್ಟಿದರೂ ತಂದೆತಾಯಿ ಇಂಗ್ಲಿಷರು. ಫ್ರೆಂಚ್ ಪೌರತ್ವ ಸಾಯುವವರೆಗೂ ಸಿಗಲಿಲ್ಲ. 1870ರ ಫ್ರಾನ್ಸ್-ಪ್ರಶ್ಯ ಯುದ್ಧದಲ್ಲಿ ಅಪ್ಪನ ರೇಷ್ಮೆ ವ್ಯಾಪಾರ ಮುಳುಗಿತು. ಅಲ್ಲಿಂದ ಮುಂದೆ ಚಿತ್ರ ಮಾರಿದರೆ ಮಾತ್ರ ಅನ್ನ. 1897ರಲ್ಲಿ ಜಾರ್ಜ್ ಪೆಟಿ ಗ್ಯಾಲರಿಯಲ್ಲಿ ಸುಮಾರು 150 ಕೃತಿಗಳ ಪ್ರದರ್ಶನ ನಡೆಯಿತು, ಒಂದೂ ಮಾರಾಟವಾಗಲಿಲ್ಲ. ಮರುವರ್ಷ ಹೆಂಡತಿ ತೀರಿಕೊಂಡಳು. 1899ರ ಜನವರಿ 29ರಂದು, ಗಂಟಲು ಕ್ಯಾನ್ಸರಿನಿಂದ, ಮೊರೆ ಎಂಬ ಊರಿನಲ್ಲಿ ಅವನೂ ಹೋದ.

1900ರಲ್ಲಿ ಅದೇ ನೆರೆಯ ಚಿತ್ರ 43,000 ಫ್ರಾಂಕಿಗೆ ಹೋಯಿತು.